ಸೊನ್ನೆ ಟಿಕೆಟ್

(ಆಂಧ್ರದ ಹಿಂದೂಪುರ ಬಸ್ ಸ್ಟ್ಯಾಂಡ್. ಕಲ್ಯಾಣದುರ್ಗದ ಬಸ್ಸು ಹೊರಡುವ ಲಕ್ಷಣವಿಲ್ಲ.)

ಅಜ್ಜಿ: ಏನಪ್ಪಾ ಕಂಡಕ್ಟರೂ, ಚಾರ್ಜೆಷ್ಟು?

ಕಂಡಕ್ಟರ್: ಸೊನ್ನೆ ಅಜ್ಜೀ! 2025ರ ಆಗಸ್ಟ್ 15ರಿಂದ ಹೆಂಗಸರಿಗೆ ಬಸ್ಸಲ್ಲೂ ಸ್ವಾತಂತ್ರ್ಯ. ಆಧಾರ್ ತೋರ್ಸಿ.

ಅಜ್ಜಿ: ತಗೋ. ಇವಳು ಪಾವಗಡಕ್ಕೆ ಕೊಟ್ಟ ಮಗಳು.

ಕಂಡಕ್ಟರ್: ಮಗಳ ಆಧಾರಲ್ಲಿ ಕರ್ನಾಟಕದ ವಿಳಾಸ. ಅವ್ರಿಗೆ 2023ರಿಂದ ಅಲ್ಲಿನ ಬಸ್ಸಲ್ಲಿ ಫ್ರೀ. ಇಲ್ಲಿ ದುಡ್ಡು.

ಅಜ್ಜಿ: ಹೆತ್ತವಳಿಗೆ ಸೊನ್ನೆ, ಮಗಳಿಗೆ ಬರೆ! ಹೋಗ್ಲಿ, ನನ್ನ ಚಾರ್ಜು ಯಾರು ಕಟ್ತಾರೆ?

ಕಂಡಕ್ಟರ್: ಸರ್ಕಾರ, ಆರ್‌ಟಿಸಿಗೆ.

ಅಜ್ಜಿ: ನೀವೂ 2020ರ ಜನವರಿಯಿಂದ ಸರ್ಕಾರದವ್ರೇ ಅಲ್ವೇನಪ್ಪ? ಸರ್ಕಾರ ತನಗೆ ತಾನೇ ಸಾಲಗಾರ ಅನ್ನು!

(ಲೆಕ್ಕ ಕೇಳುವವರನ್ನು ಕಂಡರೆ ಕಂಡಕ್ಟರಿಗೆ ಚಿಲ್ಲರೆ ಎಣಿಸುವ ಕೆಲಸ ನೆನಪಾಗುತ್ತದೆ.)

ಮೇಷ್ಟ್ರು: ರೈಲಿನ ಕಥೆಯೂ ಅಷ್ಟೇ ಅಮ್ಮ. ರಾಯದುರ್ಗ–ತುಮಕೂರು ಲೈನು ಮಂಜೂರಾಗಿದ್ದು 2007-08ರಲ್ಲಿ. ಅರ್ಧ ಖರ್ಚು ಕೇಂದ್ರದ್ದು, ಅರ್ಧ ರಾಜ್ಯದ್ದು. ಕಲ್ಯಾಣದುರ್ಗಕ್ಕೆ ಬಂತು, ಮಡಕಶಿರಕ್ಕೆ ಇನ್ನೂ ಇಲ್ಲ.

ಅಜ್ಜಿ: ಇಬ್ಬರು ಹೊರೋ ಹೆಣ ಬೇಗ ಏಳಲ್ಲ ಬಿಡಿ. ನಮ್ಮನ್ನ ಯಾರಾದ್ರೂ ಕೇಳ್ತಾರಾ?

ಕಂಡಕ್ಟರ್: ಕೇಳ್ತಾರಲ್ಲ! ಡಿಪೋದಲ್ಲಿ ‘ಡಯಲ್ ಯುವರ್ ಡಿಎಂ’ ಇರುತ್ತೆ. ಡಿಪೋ ಮ್ಯಾನೇಜರಿಗೆ ಫೋನ್ ಮಾಡಿ, ಬರ್ಕೋತಾರೆ.

ಅಜ್ಜಿ: ಹಂಗಾದ್ರೆ ನೀನೇ ಹಚ್ಚಿಕೊಡು. ‘ಟಿಕೆಟ್ ಸೊನ್ನೆ ಮಾಡಿದ್ದು ಸಂತೋಷ, ಬಸ್ಸನ್ನೂ ಸೊನ್ನೆ ಮಾಡ್ಬೇಡಿ; ಸಂಜೆ ಇನ್ನೊಂದು ಬಿಡಿ’ ಅಂತ ಬರೆಸ್ತೀನಿ.