ಉಂಗುರ ಆರಿಸಿ ಒಳಗೆ ಬನ್ನಿ

ಆಂಡ್ರಾಯ್ಡ್ ಕಥೆ ನೋಡಿದೆ ಅಂದದ್ದಕ್ಕೆ ಪಕ್ಕದ ಮನೆ ಮೇಷ್ಟ್ರು ಕಾಂಪೌಂಡ್ ಆಚೆಯಿಂದ "ಫೋನಿನದಾ?" ಅಂದರು. ಅಲ್ಲ, ಮನುಷ್ಯನ ಹಾಗೇ ಕಾಣೋ ಯಂತ್ರ ಅಂತ ಬಿಡಿಸಿ ಹೇಳಿದ ಮೇಲೆ "ಓ, ರಜನೀಕಾಂತ್‌ದು!" ಅಂದರು. ಅದೂ ಅಲ್ಲ. ‘ಎಂದಿರನ್’ ಬಂದ 2010ರಲ್ಲೇ ತೆರೆಗೆ ಬಂದ ಚಿತ್ರ ಅನ್ನೋದೇನೋ ನಿಜ, ಆದರೆ ಇಲ್ಲಿ ರೈಲು ಮೇಲೆ ಕುಣಿಯೋರು ಯಾರೂ ಇಲ್ಲ. ಜಪಾನಿನ ಯಾಸುಹಿರೋ ಯೋಶಿಯುರಾ ಮಾಡಿದ ‘ಟೈಮ್ ಆಫ್ ಈವ್’. ಮೊದಲು 2008–09ರಲ್ಲಿ ಆರು ಪುಟ್ಟ ಕಂತುಗಳಾಗಿ ಇಂಟರ್ನೆಟ್ಟಿನಲ್ಲಿ ಬಂತು, ಆಮೇಲೆ ಅವನ್ನೇ ಜೋಡಿಸಿ ಸಿನಿಮಾ ಮಾಡಿದರು.

ಚೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಲ್ಲೇ ಯಂತ್ರಜನ ದಂಗೆಯೆದ್ದು ಮನುಷ್ಯರನ್ನು ಮುಗಿಸಿದ್ದರು. ಅಲ್ಲಿಂದೀಚೆಗೆ ಈ ಜಾತಿಯ ಕಥೆಗಳಲ್ಲಿ ಮುಕ್ಕಾಲು ಪಾಲು ಯುದ್ಧದಲ್ಲೇ ಮುಗಿಯೋದು. ಯೋಶಿಯುರಾ ಯುದ್ಧದ ಗೋಜಿಗೇ ಹೋಗದೆ ಒಂದು ಕಾಫಿ ಅಂಗಡಿ ತೆರೆದು ಕೂತಿದ್ದಾನೆ.

ರಿಕುವೋ ಅಂತ ಹೈಸ್ಕೂಲ್ ಹುಡುಗ. ಮನೆಯಲ್ಲಿ ಅಡುಗೆ, ಕಾಫಿ ಎಲ್ಲ ನೋಡಿಕೊಳ್ಳೋಕೆ ಸಮ್ಮಿ ಅನ್ನೋ ಆಂಡ್ರಾಯ್ಡ್ ಇದ್ದಾಳೆ. ನೋಡಲು ಥೇಟ್ ಮನುಷ್ಯಳೇ. ಗುರುತು ಸಿಗಲಿ ಅಂತ ತಲೆ ಮೇಲೆ ಬೆಳಕಿನ ಉಂಗುರ. ಅವಳ ಓಡಾಟದ ದಾಖಲೆ ನೋಡುವಾಗ ತಾನು ಹೇಳದ ಎಲ್ಲಿಗೋ ಹೋಗಿಬಂದದ್ದು ಅವನಿಗೆ ಗೊತ್ತಾಗುತ್ತೆ. ಗೆಳೆಯ ಮಸಾಕಿಯನ್ನು ಕಟ್ಟಿಕೊಂಡು ಹುಡುಕಿದರೆ ಸಿಗೋದು ನಾಗಿ ಅನ್ನೋ ಹೆಂಗಸು ನಡೆಸೋ ಕೆಫೆ. ಅಲ್ಲಿ ಇರೋದು ಒಂದೇ ಕಟ್ಟಳೆ: ಮನುಷ್ಯ, ಯಂತ್ರ ಅಂತ ಭೇದ ಮಾಡಕೂಡದು. ಒಳಗೆ ಬಂದವರ ತಲೆ ಮೇಲೆ ಉಂಗುರ ಉರಿಯೋದಿಲ್ಲ. ಯಾರು ಯಾರು ಅಂತ ಯಾರೂ ಕೇಳೋ ಹಾಗಿಲ್ಲ. ಅಕಿಕೋ ಅನ್ನೋ ಹುಡುಗಿ ಮೊದಲ ದಿನವೇ ಹಳೇ ಪರಿಚಯದವಳ ಹಾಗೆ ವಟವಟ ಮಾತಾಡುತ್ತಾಳೆ; ಆಮೇಲೆ ಹೊರಗಡೆ ಎದುರಾದಾಗ ತಲೆ ಮೇಲೆ ಉಂಗುರ, ಮುಖ ಮಾತ್ರ ಬಿಳಿ ಗೋಡೆ. ಹುಡುಗ ದಂಗಾಗುತ್ತಾನೆ.

"ಅಂದ್ರೆ ಯಂತ್ರಕ್ಕೆ ಮನಸ್ಸಿದೆಯಾ ಇಲ್ವಾ ಅನ್ನೋ ಪ್ರಶ್ನೆ," ಅಂದರು ಮೇಷ್ಟ್ರು, ಪಾಠದ ಧಾಟಿಯಲ್ಲಿ. ನನಗೆ ಹಾಗನ್ನಿಸಲಿಲ್ಲ. ಇದು ನಾಚಿಕೆಯ ಕಥೆ. ಆಂಡ್ರಾಯ್ಡ್‌ಗಳನ್ನು ಮನುಷ್ಯರ ಹಾಗೆ ಕಾಣೋರಿಗೆ ಆ ಸಮಾಜದಲ್ಲಿ ‘ಡೋರಿ-ಕೇ’ ಅಂತ ಒಂದು ಹೀಯಾಳಿಕೆಯ ಹೆಸರಿದೆ. ನೈತಿಕ ಸಮಿತಿ ಅಂತೊಂದು ಸಂಸ್ಥೆ ಟೀವಿಯಲ್ಲಿ ಇದರ ವಿರುದ್ಧ ಜಾಹೀರಾತು ಬೇರೆ ಹಾಕುತ್ತೆ. ರಿಕುವೋಗೆ ಸಮ್ಮಿಯ ಮೇಲೆ ಸಿಟ್ಟೇನಿಲ್ಲ. ಅವಳಿಗೆ ಒಂದು ಒಳ್ಳೇ ಮಾತಾಡಿದರೆ ಅಕ್ಕ ಏನಂತಾಳೋ ಅನ್ನೋ ಭಯ. ಹಾಗಾಗಿ ಮನೆಯಲ್ಲಿ ಗಂಟುಮುಖ. ಅವಳಾದರೋ ಮನೆಯವರಿಗೆ ರುಚಿಯಾದ ಕಾಫಿ ಕೊಡೋಣ ಅಂತ ಕೆಫೆಯಲ್ಲಿ ಕಲಿತು ಬರುತ್ತಾಳೆ, ಯಾರಿಗೂ ಹೇಳದೆ. ನಮ್ಮ ಓಣಿಯಲ್ಲೇ ಕೆಲಸದವರಿಗೆ ಬೇರೆ ಲೋಟ ಇಟ್ಟಿರೋ ಮನೆಗಳಿವೆಯಲ್ಲ ಮೇಷ್ಟ್ರೇ. ಅವರೆಲ್ಲ ಕೆಟ್ಟವರೇನಲ್ಲ, ಲೋಟ ಬದಲಾಯಿಸಿದರೆ ಪಕ್ಕದವರು ಏನಂತಾರೋ ಅಂತ ಹೆದರಿದವರು. ಮೇಷ್ಟ್ರು ದಾಸವಾಳದ ಒಣಗಿದ ಎಲೆ ಕೀಳೋಕೆ ಶುರುಮಾಡಿದರು.

ನನಗೆ ತುಂಬಾ ಹಿಡಿಸಿದ್ದು ಕಟೋರಾನ್ ಕಂತು. ಹಳೇ ಕಾಲದ ಲೋಹದ ರೋಬೋ, ಯಾರೋ ಬಿಸಾಕಿದ್ದು. ಮಾತು ತೊದಲುತ್ತೆ, ಕೈಕಾಲು ಕಿರುಗುಟ್ಟುತ್ತೆ. ಅದು ಕೆಫೆಗೆ ಬಂದು ತಾನು ಮನುಷ್ಯ ಅಂತ ಸಾಧಿಸುತ್ತೆ! ಕಟ್ಟಳೆ ಇದೆಯಲ್ಲ, ಯಾರೂ ಅಲ್ಲ ಅನ್ನೋ ಹಾಗಿಲ್ಲ. ಹುಡುಗರಿಬ್ಬರೂ ಬೆವರುತ್ತಾ ಹೂಂಗುಟ್ಟೋ ದೃಶ್ಯಕ್ಕೆ ನಗು ತಡೆಯೋಕಾಗಲ್ಲ. ನಕ್ಕು ಮುಗಿಯೋ ಹೊತ್ತಿಗೆ ಗಂಟಲು ಕಟ್ಟಿರುತ್ತೆ. ಚೆಂದದ ಮುಖದವರನ್ನು ಸಮಾನರು ಅನ್ನೋಕೆ ಏನು ಖರ್ಚು? ತಗಡಿನ ಮುಖಕ್ಕೂ ಅದೇ ಮರ್ಯಾದೆ ಕೊಡಬೇಕಾದಾಗಲೇ ಆ ಕಟ್ಟಳೆಗೆ ಬೆಲೆ. ಪ್ರೇಮಿಗಳ ಕಂತು ಇದರ ಮುಂದೆ ಸಪ್ಪೆ. ಇಬ್ಬರೂ ಆಂಡ್ರಾಯ್ಡ್, ಇಬ್ಬರೂ ಎದುರಿನವರನ್ನು ಮನುಷ್ಯ ಅಂದುಕೊಂಡಿದ್ದಾರೆ. ಜಾಣ ಉಪಾಯ, ಅಷ್ಟೇ.

ಕೊನೇ ಕಂತಿನದ್ದು ಟೆಕ್ಸ್ ಕಥೆ. ಮಸಾಕಿಯನ್ನು ಚಿಕ್ಕಂದಿನಲ್ಲಿ ಆಡಿಸಿ ಬೆಳೆಸಿದ ರೋಬೋ. ಅವನ ಅಪ್ಪ ನೈತಿಕ ಸಮಿತಿಯವನು. ಮಗನ ಜೊತೆ ಮಾತಾಡಬೇಡ ಅಂತ ಅದಕ್ಕೆ ಆಜ್ಞೆ ಮಾಡಿಬಿಟ್ಟ. ಅವತ್ತಿನಿಂದ ಅದು ಮೂಕ. ಹುಡುಗ ಎಷ್ಟೋ ಕರೆದ, ಅತ್ತ, ಕೊನೆಗೆ ಯಂತ್ರಕ್ಕೆ ಏನೂ ಅನ್ನಿಸಲ್ಲ ಅಂತ ತೀರ್ಮಾನಿಸಿ ಕಲ್ಲಾದ. ಇಲ್ಲಿ ಮೇಷ್ಟ್ರಿಗೆ ಕುತೂಹಲ ಹತ್ತಿತು, ಯಾಕಂದರೆ ಅವರು ಅಸಿಮೋವ್‌ನ ಕಥೆಗಳನ್ನು ಓದಿದ್ದರು. 1942ರ ಕಥೆಯೊಂದರಲ್ಲಿ ಅಸಿಮೋವ್ ಬರೆದ ಮೂರು ನಿಯಮಗಳೇ ಈ ಚಿತ್ರಕ್ಕೂ ಅಡಿಪಾಯ. ಮನುಷ್ಯನಿಗೆ ಕೇಡಾಗಲು ಬಿಡಬಾರದು ಅನ್ನೋದು ಒಂದನೇದು, ಆಜ್ಞೆ ಪಾಲಿಸಬೇಕು ಅನ್ನೋದು ಎರಡನೇದು.

"ಹಾಗಾದ್ರೆ ಹುಡುಗನಿಗೆ ಅಪಾಯ ಬಂದರೆ ಆಜ್ಞೆ ಬಿದ್ದುಹೋಯ್ತು! ಮಾತಾಡಬಹುದು!" ಅಂದರು ಮೇಷ್ಟ್ರು, ಲೆಕ್ಕ ಬಿಡಿಸಿದ ಹುರುಪಿನಲ್ಲಿ. ಆಗೋದೂ ಅದೇ. ವರ್ಷಗಟ್ಟಲೆ ತಡೆದಿಟ್ಟ ಮಾತು ಕಾನೂನಿನ ಸಂದಿಯಿಂದ ಹೊರಗೆ ಬರುತ್ತೆ. ಕಾನೂನನ್ನು ಮುರಿಯದೆ, ಅದನ್ನೇ ಅಕ್ಷರಶಃ ಪಾಲಿಸಿ ಪ್ರೀತಿ ತೋರಿಸೋ ಇಂಥ ಜಾಗವನ್ನು ನಾನು ಬೇರೆ ಯಾವ ಯಂತ್ರಕಥೆಯಲ್ಲೂ ನೋಡಿಲ್ಲ.

‘ಪ್ಲಾಸ್ಟಿಕ್ ಮೆಮೊರೀಸ್’ ಅಂತ 2015ರಲ್ಲಿ ಇನ್ನೊಂದು ಸರಣಿ ಬಂತು. ಅಲ್ಲಿನ ಆಂಡ್ರಾಯ್ಡ್‌ಗಳ ಆಯಸ್ಸು 81,920 ಗಂಟೆ, ಒಂಬತ್ತು ವರ್ಷದ ಮೇಲೆ ನಾಲ್ಕೈದು ತಿಂಗಳು. ಅವಧಿ ಮುಗಿಯೋ ಮುಂಚೆ ಮನೆಯವರಿಂದ ವಾಪಸ್ ಪಡೆಯೋ ಕಂಪನಿಯ ಕಥೆ. ಎಂಥಾ ವಸ್ತು! ಅದನ್ನು ಆಫೀಸಿನ ಪ್ರೇಮಪ್ರಕರಣಕ್ಕೆ ಒತ್ತೆಯಿಟ್ಟು ಕರ್ಚೀಫು ಒದ್ದೆ ಮಾಡಿಸಿ ಕಳಿಸಿದರು.

ಜಪಾನಿನಲ್ಲಿ ಇದೆಲ್ಲ ಬರೀ ಪರದೆ ಮೇಲಿನ ಆಟವೂ ಅಲ್ಲ. ಸೋನಿಯವರ ಐಬೋ ಅನ್ನೋ ರೋಬೋ ನಾಯಿ 1999ರಲ್ಲಿ ಬಂತು, 2006ರಲ್ಲಿ ನಿಂತಿತು. ಕೆಟ್ಟ ನಾಯಿಗಳಿಂದ ಬಿಡಿಭಾಗ ಬಿಚ್ಚಿ ಬೇರೆಯವಕ್ಕೆ ಹಾಕೋ ಮುಂಚೆ ಚೀಬಾ ಪ್ರಾಂತದ ಕೋಫುಕುಜಿ ದೇವಾಲಯದಲ್ಲಿ ಭಿಕ್ಷುಗಳು ಮಂತ್ರ ಹೇಳಿ ಬೀಳ್ಕೊಟ್ಟಿದ್ದಾರೆ. ಟೋಕಿಯೋದ ನಿಹೋಂಬಾಶಿಯಲ್ಲಿ 2021ರಲ್ಲಿ ಶುರುವಾದ ಡಾನ್ ಅನ್ನೋ ಕೆಫೆಯಲ್ಲಿ ಆರ್ಡರ್ ತಗೊಳ್ಳೋದು ಓರಿಹಿಮೆ ಎಂಬ ರೋಬೋ. ಅದರ ಹಿಂದೆ, ಎಲ್ಲೋ ದೂರದ ಮನೆಯಲ್ಲಿ, ಹಾಸಿಗೆ ಬಿಟ್ಟೇಳಲಾಗದ ಮನುಷ್ಯ ಕೂತು ಮಾತಾಡುತ್ತಿರುತ್ತಾನೆ. ನಾಗಿಯ ಕೆಫೆಯಲ್ಲಿ ಮನುಷ್ಯಮುಖದ ಹಿಂದೆ ಯಂತ್ರ, ಇಲ್ಲಿ ಯಂತ್ರಮುಖದ ಹಿಂದೆ ಮನುಷ್ಯ.

ಮೇಷ್ಟ್ರಲ್ಲವೇ, "ಹತ್ತಕ್ಕೆ ಎಷ್ಟು?" ಅಂದೇಬಿಟ್ಟರು. ಎಂಟು, ಅಂದೆ. ನೈತಿಕ ಸಮಿತಿ ಏನು ಮಾಡಿತು, ನಾಗಿ ಯಾರು ಅನ್ನೋ ಎಳೆಗಳನ್ನು ತೋರಿಸಿ ಅರ್ಧಕ್ಕೇ ಬಿಟ್ಟದ್ದಕ್ಕೆ ಒಂದು ಅಂಕ ಹೋಯ್ತು. ಇನ್ನೊಂದು ಹೋದದ್ದು ಆ ಕಟ್ಟಳೆಗೇ. ಉಂಗುರ ಆರಿಸಿದರೆ ಮಾತ್ರ ಸಮಾನತೆ ಅಂದರೆ ಏನು ಬಂತು? ಉಂಗುರ ಉರಿಯುತ್ತಿರುವಾಗಲೇ ಪಕ್ಕದಲ್ಲಿ ಕೂತು ಕಾಫಿ ಕುಡಿಯೋದನ್ನು ಕೆಫೆ ಯಾರಿಗೂ ಕಲಿಸಲಿಲ್ಲ.

ಅಷ್ಟರಲ್ಲಿ ಮೇಷ್ಟ್ರ ಮನೆಯಾಕೆ ಸೀತಮ್ಮನವರು ಸೊಪ್ಪು ಸೋಸೋ ಮೊರ ಹಿಡಿದು ಹೊರಗೆ ಬಂದರು. ಒಳಗಿಂದಲೇ ಎಲ್ಲಾ ಕೇಳಿಸಿಕೊಂಡಿದ್ದರು ಅಂತ ಕಾಣುತ್ತೆ.

"ಅಲ್ಲ ಕಣಮ್ಮ, ಅಡುಗೆ ಮಾಡೋ ಯಂತ್ರಕ್ಕೆ ಹುಡುಗಿ ಮುಖಾನೇ ಯಾಕೆ ಬೇಕಿತ್ತು? ಮಿಕ್ಸಿಗೆ ಮುಖ ಇದೆಯಾ?"

ಆ ಪ್ರಶ್ನೆಯನ್ನು ಚಿತ್ರದಲ್ಲಿ ಯಾರೂ ಕೇಳೋದಿಲ್ಲ, ಸೀತಮ್ಮ, ಅಂದೆ.

"ಹಾಗಿದ್ರೆ ಏಳು ಹಾಕಿ," ಅಂತ ಮೊರ ಕೊಡವಿದರು.