ಟಾಮ್ ವಿದ್ವಾಂಸರ ಕಛೇರಿ

ಬೆಕ್ಕಿಗೂ ಬಾಲ, ಕೋಟಿಗೂ ಬಾಲ. ಆ ಕರಿಕೋಟು ತೊಟ್ಟುಕೊಂಡು ಟಾಮ್ ವೇದಿಕೆಗೆ ಬರುವ ಠೀವಿ ನೋಡಬೇಕು! ಸಭೆಗೆ ನಮಸ್ಕರಿಸಿ, ಪಿಯಾನೊ ಮುಂದೆ ಕೂತು, ಕಣ್ಣು ಅರೆಮುಚ್ಚಿ, ಲಿಸ್ಟ್ ಮಹಾಶಯನ ಎರಡನೇ ಹಂಗೇರಿಯನ್ ರಾಪ್ಸೊಡಿ ಎತ್ತಿಕೊಳ್ಳುತ್ತಾನೆ. ಪಿಯಾನೊದ ಒಳಗೆ, ತಂತಿ ಬಡಿಯುವ ಪುಟ್ಟ ಸುತ್ತಿಗೆಗಳ ಮೇಲೆ, ಜೆರ್ರಿ ಗಡದ್ದಾಗಿ ಮಲಗಿದ್ದಾನೆ. ಸುತ್ತಿಗೆ ಎದ್ದಂತೆ ಅವನೂ ಎದ್ದು ಬೀಳುತ್ತಾನೆ. 1947ರಲ್ಲಿ ಎಂಜಿಎಂ ಬಿಡುಗಡೆ ಮಾಡಿದ ‘ದಿ ಕ್ಯಾಟ್ ಕಾನ್ಸೆರ್ಟೊ’ ಶುರುವಾಗುವುದು ಹೀಗೆ. ಮುಗಿಯುವುದಕ್ಕೆ ಏಳೆಂಟು ನಿಮಿಷ ಸಾಕು. ನನಗೆ ಮಾತ್ರ ಇನ್ನೂ ಮುಗಿದಿಲ್ಲ.

ಸೊಸೆ ತರುವ ವಯಸ್ಸಿನ ಹೆಂಗಸು ಮಧ್ಯಾಹ್ನ ಅಡುಗೆಮನೆಯ ಕಟ್ಟೆಗೆ ಮೊಬೈಲು ಒರಗಿಸಿಕೊಂಡು ಒಬ್ಬಳೇ ನಗುತ್ತಿದ್ದರೆ ಮನೆಯವರಿಗೆ ಏನೇನೋ ಅನುಮಾನ ಬರುತ್ತದೆ. ಬಂದರೆ ಬರಲಿ. ಯಜಮಾನರು ಒಮ್ಮೆ ಮೆಲ್ಲಗೆ ಹಿಂದೆ ಬಂದು ಇಣುಕಿ, ಬೆಕ್ಕು ಕಂಡು, ನಿಟ್ಟುಸಿರು ಬಿಟ್ಟು ಹೋದರು. ಅದು ಸಮಾಧಾನದ್ದೋ ನಿರಾಶೆಯದ್ದೋ ನಾನು ಕೇಳಲಿಲ್ಲ.

ಉಳಿದ ಟಾಮ್ ಅಂಡ್ ಜೆರ್ರಿಗಳಲ್ಲಿ ಬೆಕ್ಕಿಗೆ ಓಡುವ, ಒಡೆಯುವ, ಅರಚುವ ಸ್ವಾತಂತ್ರ್ಯವುಂಟು. ಆ ಪ್ರಸಿದ್ಧ ಅರಚಾಟ ನಿರ್ದೇಶಕ ವಿಲಿಯಂ ಹ್ಯಾನಾನ ಸ್ವಂತ ಗಂಟಲಿನದು. ಇಲ್ಲಿ ಕಥೆ ಬೇರೆ. ಕಛೇರಿ ನಡೆಯುತ್ತಿದೆ, ಎದುರಿಗೆ ಸಭೆ ಕೂತಿದೆ. ಪಲ್ಲವಿಯ ನಡುವೆ ವಿದ್ವಾಂಸರ ಬೆನ್ನು ತುರಿಸಿದರೆ ಏನು ಮಾಡಬೇಕು? ಹೊಡೆತ ಯಾವ ಕಾರ್ಟೂನಿನಲ್ಲಿ ಇಲ್ಲ! ಈ ಚಿತ್ರದ ರುಚಿ ಇರುವುದು ಹೊಡೆತ ತಿಂದೂ ತಾಳ ಬಿಡದಿರುವುದರಲ್ಲಿ. ಬೆರಳ ಮೇಲೆ ಪಿಯಾನೊದ ಮುಚ್ಚಳ ಬಿದ್ದರೂ ಲಿಸ್ಟ್ ನಿಲ್ಲುವಂತಿಲ್ಲ. ಇಲಿಯನ್ನು ಹಿಡಿಯಲು ಕೈ ಎರಡೂ ಬೇಕಾದಾಗ ಟಾಮ್ ಕಾಲಿನಲ್ಲಿ ನುಡಿಸುತ್ತಾನೆ. ಬೆರಳು ಬೀಳಬೇಕಾದ ಮನೆಗೇ ಬೀಳುವಂತೆ ಬಿಡಿಸಿದ್ದಾರೆ ಎಂದು ಪಿಯಾನೊ ಬಲ್ಲವರೂ ಮೆಚ್ಚುತ್ತಾರೆ. ಚೀನಾದ ಪಿಯಾನೊ ವಾದಕ ಲ್ಯಾಂಗ್ ಲ್ಯಾಂಗ್‌ಗೆ ಎರಡು ವರ್ಷದ ಕೂಸಾಗಿದ್ದಾಗ ಇದನ್ನು ನೋಡಿಯೇ ಪಿಯಾನೊ ಕಲಿಯುವ ಆಸೆ ಹುಟ್ಟಿತಂತೆ. ನನಗೂ ಒಂದು ಆಸೆ ಹುಟ್ಟಿತು: ಬೆಕ್ಕಾಗುವುದು.

ಅದು ಈಡೇರಿದ್ದು ನಮ್ಮ ಓರಗಿತ್ತಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ಜಾತಕ, ಸಂಬಳ, ಸೈಟು ಎಲ್ಲಾ ಮುಗಿದು ಮಾತು ಸೊರಗಿತ್ತು. ‘ನಿಮಗೇನು ಹವ್ಯಾಸ?’ ಎಂದು ಗಂಡಿನ ತಂದೆ ನನ್ನನ್ನೇ ಕೇಳಬೇಕೆ! ಹೇಳಿದೆ. ‘ಅಯ್ಯೋ, ಅದನ್ನ ಮಕ್ಕಳು ನೋಡ್ತಾವಲ್ವಾ ತಾಯಿ?’ ಎಂದು ಅವರು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಟೀಪಾಯಿ ಹತ್ತಿರಕ್ಕೆ ಎಳೆದುಕೊಂಡೆ.

ಕತ್ತರಿಯ ಪ್ರಸಂಗ ನಿಮಗೆ ನೆನಪಿರಬೇಕು. ಪಿಯಾನೊದ ತುದಿಯ ಮನೆಯೊಂದರ ಮೇಲೆ ಜೆರ್ರಿ ಕತ್ತರಿ ಅಗಲಿಸಿಕೊಂಡು ಕಾಯುತ್ತಾನೆ. ಟಾಮ್‌ನ ಬೆರಳು ಟಣ್ ಎಂದು ಬಂದು, ಕತ್ತರಿ ಮುಚ್ಚುವಷ್ಟರಲ್ಲಿ ವಾಪಸ್ಸು. ಮತ್ತೆ ಟಣ್, ಮತ್ತೆ ವಾಪಸ್ಸು. ಇದನ್ನು ಕತ್ತರಿಯಿಲ್ಲದೆ ಬರೀ ಬಾಯಲ್ಲಿ ಹೇಳಲು ಹೆಣಗುತ್ತಿದ್ದೆ. ಎಲೆಯಡಿಕೆ ತಟ್ಟೆಯ ಪಕ್ಕ ಕೂತಿದ್ದ ಗಂಡಿನ ಅಜ್ಜಿ ಅಡಕತ್ತರಿ ಅಗಲಿಸಿ ಟೀಪಾಯಿಯ ತುದಿಗೆ ಹಿಡಿದರು. ‘ನುಡಿಸಮ್ಮ, ನೋಡೋಣ.’

ಬಾಯಲ್ಲಿ ಲಿಸ್ಟ್, ಕೈಯಲ್ಲಿ ಟೀಪಾಯಿ. ಬೆರಳು ತುದಿಗೆ ಹೋದಾಗಲೆಲ್ಲ ಅಡಕತ್ತರಿ ಕಟಕ್ಕೆನ್ನುತ್ತಿತ್ತು. ಅಜ್ಜಿಯ ಕೈ ಜೆರ್ರಿಗಿಂತ ಚುರುಕು. ಒಮ್ಮೆ ಉಗುರಿಗೆ ಗಾಳಿ ತಾಗಿತು. ‘ಅಮ್ಮಾ, ಬೆರಳು ಹೋದೀತು’ ಎಂದರು ಅವರ ಮಗ. ‘ನೀನು ಸುಮ್ಮನಿರೋ’ ಎಂದರು ಅಜ್ಜಿ. ಆಮೇಲೆ, ಚಿತ್ರವನ್ನು ಎಂದೂ ನೋಡಿರದ ಆ ಮಹಾತಾಯಿ, ಜೆರ್ರಿ ಮಾಡಿದ್ದನ್ನೇ ಮಾಡಿದರು. ಅಡಕತ್ತರಿ ಕೆಳಗಿಟ್ಟು, ಸೊಂಟದಿಂದ ಕನ್ನಡಕದ ಡಬ್ಬಿ ತೆಗೆದು, ಬಾಯಿ ತೆರೆದು ಟೀಪಾಯಿಯ ಮಧ್ಯಕ್ಕೆ ಇಟ್ಟರು. ಟಪ್ಪಂತ ಮುಚ್ಚಿಕೊಳ್ಳುವ ಸ್ಪ್ರಿಂಗಿನ ಡಬ್ಬಿ. ಚಿತ್ರದಲ್ಲಿ ಅಲ್ಲಿ ಇಲಿಬೋನು ಬರುತ್ತದೆ!

ಇನ್ನು ಬಿಡುವುದುಂಟೆ? ಡಬ್ಬಿಯ ಎಡಕ್ಕೆ ನುಡಿಸಿದೆ. ಬಲಕ್ಕೆ ನುಡಿಸಿದೆ. ಎಡಕ್ಕೂ ಬಲಕ್ಕೂ ಹಾರಿಹಾರಿ ನುಡಿಸಿದೆ. ಚಿತ್ರದಲ್ಲೂ ಹಾಗೆಯೇ, ಬೆರಳು ಬೋನಿನ ಆಚೆಗೆ ಬೀಳುತ್ತದೆ, ಈಚೆಗೆ ಬೀಳುತ್ತದೆ, ಸಿಕ್ಕೇ ಸಿಗುತ್ತದೆ ಎಂದು ಗೊತ್ತಿದ್ದೂ ನಾವು ಉಸಿರು ಹಿಡಿದಿರುತ್ತೇವೆ. ಹೆಣ್ಣು ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹುಡುಗ ಅವಳನ್ನು ನೋಡುವುದು ಬಿಟ್ಟು ಡಬ್ಬಿಯನ್ನೇ ನೋಡುತ್ತಿದ್ದ. ಸೈಟಿನ ವಿಚಾರ ಎಲ್ಲರಿಗೂ ಮರೆತಿತ್ತು. ಓರಗಿತ್ತಿಯ ಕಣ್ಣು ನನ್ನ ಬೆನ್ನು ಸುಡುತ್ತಿದ್ದದ್ದು ತಿಳಿಯುತ್ತಿತ್ತು, ಆದರೆ ಕಛೇರಿಯ ನಡುವೆ ವಿದ್ವಾಂಸರು ತಿರುಗಿ ನೋಡುವುದುಂಟೆ? ಕಡೆಗೆ ತೋರುಬೆರಳನ್ನು ಎತ್ತರಕ್ಕೆ ಎತ್ತಿ, ಕಣ್ಣು ಮುಚ್ಚಿ, ಗತ್ತಿನಿಂದ ಇಳಿಸಿದೆ.

ಟಪ್.

ನಿಜವಾಗಿಯೂ ನೋವಾಯಿತು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕ ಹೊಡೆತಕ್ಕೆ ಎಲೆಯಡಿಕೆ ನೆತ್ತಿಗೇರಿ, ನೀರು ತರಿಸಬೇಕಾಯಿತು.

‘ಇದರಲ್ಲಿ ಬರೀ ಹಿಂಸೆ, ಮಕ್ಕಳು ಕೆಡುತ್ತಾರೆ’ ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಅದಕ್ಕಿಂತ ದೊಡ್ಡ ಸಿಟ್ಟು, ಚಿತ್ರ ಮುಗಿಯುವ ಮೊದಲೇ ‘ಸಾಕು, ಹೋಂವರ್ಕು’ ಎಂದು ಟೀವಿ ಆರಿಸುವವರ ಮೇಲೆ. ಕೊನೆ ನೋಡಬೇಡವೇ? ಜೆರ್ರಿ ರೇಗಿ, ಎರಡು ಸುತ್ತಿಗೆ ಮುರಿದುಕೊಂಡು ತಾನೇ ಒಳಗಿನಿಂದ ಬಾರಿಸತೊಡಗುತ್ತಾನೆ. ಮುಗಿಯಿತೆಂದು ಟಾಮ್ ಉಸ್ಸೆನ್ನುವಷ್ಟರಲ್ಲಿ ಮತ್ತೆ ಶುರು. ಅವನಿಗೆ ಮೈಯಲ್ಲಿ ಶಕ್ತಿಯಿಲ್ಲ, ಠೀವಿ ಇಳಿದು ಎಷ್ಟೋ ಹೊತ್ತಾಯಿತು. ಕೊನೆಗೆ ಕುಸಿಯುತ್ತಾನೆ. ಸಭೆ ಚಪ್ಪಾಳೆ ಹೊಡೆಯುತ್ತದೆ, ಬೆಳಕು ಜೆರ್ರಿಯ ಮೇಲೆ ಬೀಳುತ್ತದೆ, ಇಲಿರಾಯರು ಬಾಗಿ ನಮಸ್ಕರಿಸುತ್ತಾರೆ.

ಈ ಚಿತ್ರಕ್ಕೆ ಆಸ್ಕರ್ ಬಂತು. ಟಾಮ್ ಅಂಡ್ ಜೆರ್ರಿಗೆ ಒಟ್ಟು ಬಂದದ್ದು ಏಳು. ಕಥೆ ಕಟ್ಟಿ ನಿರ್ದೇಶಿಸಿದವರು ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ. ಬಿಡಿಸಿದವರು ಕೆನೆತ್ ಮ್ಯೂಸ್, ಎಡ್ ಬಾರ್ಜ್, ಅರ್ವೆನ್ ಸ್ಪೆನ್ಸ್. ಸಂಗೀತ ಹೊಂದಿಸಿದವರು ಸ್ಕಾಟ್ ಬ್ರ್ಯಾಡ್ಲಿ. ಪ್ರಶಸ್ತಿ ಕೊಡುತ್ತಿದ್ದದ್ದು ನಿರ್ಮಾಪಕನಿಗೆ, ಆದ್ದರಿಂದ ವೇದಿಕೆ ಹತ್ತಿ ಬೊಂಬೆ ಇಸಿದುಕೊಳ್ಳುತ್ತಿದ್ದವನು ಫ್ರೆಡ್ ಕ್ವಿಂಬಿ. ಬಿಲ್, ಜೋ, ನೀವೂ ಬನ್ನಿ ಎಂದು ಕರೆಯುತ್ತಿರಲಿಲ್ಲ. 1957ರಲ್ಲಿ ಆ ಕಾರ್ಟೂನು ವಿಭಾಗವನ್ನೇ ಮುಚ್ಚುವ ಅಪ್ಪಣೆ ಬಂದದ್ದೂ ಒಂದು ಫೋನಿನಲ್ಲಿ. ಹ್ಯಾನಾ-ಬಾರ್ಬೆರಾ ಸ್ವಂತ ಅಂಗಡಿ ತೆರೆದು ‘ದಿ ಫ್ಲಿಂಟ್‌ಸ್ಟೋನ್ಸ್’ ಮಾಡಿ ಗೆದ್ದರು ಎಂಬುದು ಒಳ್ಳೆಯ ಸುದ್ದಿಯೇ. ಆದರೂ ಆ ಬೆಳಕು ಇಲಿಯ ಮೇಲೆ ಬೀಳುವಾಗ ನನಗೆ ಈಗೀಗ ನಗು ಅಷ್ಟು ಸಲೀಸಾಗಿ ಬರುವುದಿಲ್ಲ.

ಗಂಡಿನ ಕಡೆಯವರು ಹೊರಟು ನಿಂತಾಗ ಅಜ್ಜಿ ‘ಚಕ್ಕುಲಿ ಬಹಳ ಗರಿಗರಿಯಾಗಿತ್ತು ಕಣ್ರಮ್ಮಾ’ ಎಂದರು. ನಮ್ಮ ಓರಗಿತ್ತಿ ಸೆರಗು ಸರಿಮಾಡಿಕೊಂಡು, ‘ಏನೋ, ಕೈಗೆ ಬಂದ ಹಾಗೆ ಮಾಡಿದ್ದು’ ಎಂದು ನಾಚಿಕೊಂಡಳು. ಹಿಂದಿನ ದಿನ ಮಧ್ಯಾಹ್ನವೆಲ್ಲ ಎಣ್ಣೆಯ ಮುಂದೆ ನಿಂತು ಒರಳು ಒತ್ತಿದವಳು ನಾನು.