ಸಂಧಿಪ್ರಕರಣ: ಮಂಡಿ, ಸೊಂಟ, ಕುತ್ತಿಗೆಗಳ ವ್ಯಾಕರಣ

ಪೀಠಿಕೆ

ನಮ್ಮ ವೈಯಾಕರಣರು ಸಂಧಿಯ ಬಗ್ಗೆ ಬರೆದದ್ದೆಲ್ಲ ಅಕ್ಷರಗಳ ಪಾಲಾಗಿದೆ. ಎಲುಬಿಗೆ ಎಲುಬು ಸೇರುವಲ್ಲಿ ಏನಾಗುತ್ತದೆಂದು ಒಬ್ಬರೂ ಹೇಳಿಲ್ಲ. ದಿನವಿಡೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರಿಗೆ ಮಂಡಿನೋವು ಬಂದಿರಲಾರದೆಂದು ಒಂದು ಪಕ್ಷ. ಬಂದಿತ್ತು, ಏಳಲಾಗದ್ದರಿಂದಲೇ ಅಷ್ಟು ದೊಡ್ಡ ಗ್ರಂಥಗಳನ್ನು ಬರೆದರೆಂದು ಇನ್ನೊಂದು ಪಕ್ಷ. ಪ್ರಸ್ತುತ ಗ್ರಂಥಕರ್ತರು ಎರಡನೆಯ ಪಕ್ಷದವರು. ಬೆನ್ನಿಗೊಂದು ದಿಂಬಿಟ್ಟುಕೊಂಡು ಹಿಂದಿನವರ ಲೋಪವನ್ನು ತುಂಬಲು ಹೊರಟಿದ್ದಾರೆ.

ಸೂತ್ರ 1: ನೆಲದಿಂದೇಳ್ವಾಗಳ್ ಪ್ಲುತಂ.

ವೃತ್ತಿ: ನೆಲ, ಸೋಫಾ, ಬಸ್ಸಿನ ಸೀಟು ಇವುಗಳಿಂದ ಏಳುವಾಗ ನಲವತ್ತು ದಾಟಿದವರ ಬಾಯಿಂದ ಹೊರಡುವ ಸ್ವರವೇ ಪ್ಲುತ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು: ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಊಟವಾದ ಮೇಲೆ.

ಪ್ರಯೋಗ: ಮದುವೆಮನೆಯ ನೆಲಪಂಕ್ತಿ. ಮಜ್ಜಿಗೆ ಮುಗಿದಿದೆ, ಎಲೆ ಎತ್ತುವ ಹುಡುಗರು ಸಾಲಿನ ಆ ತುದಿಯಿಂದ ಬರುತ್ತಿದ್ದಾರೆ. ರಾಯರು ಎಡಗೈಯನ್ನು ನೆಲಕ್ಕೂರುತ್ತಾರೆ, ಅದು ಸಾಲದೆಂದು ಕಂಡು ಬಲಗೈಯನ್ನು ಪಕ್ಕದವರ ಹೆಗಲಿಗೆ ಹಾಕುತ್ತಾರೆ. ಅದು ಎಂಜಲುಗೈ ಎಂಬುದು ಆ ರೇಷ್ಮೆ ಶಲ್ಯಕ್ಕೆ ಮಾತ್ರ ತಿಳಿಯುತ್ತದೆ. ಬಳಿಕ ‘ಅಮ್ಮಾ’ ಎಂಬ ಪ್ಲುತ. ‘ಅಮ್ಮಾ ಇನ್ನಾಗದು’ ಎಂಬಲ್ಲಿ ಸ್ವರದ ಮುಂದೆ ಸ್ವರ ಬಂದರೂ ಸಂಧಿಯಿಲ್ಲ. ಪ್ಲುತಕ್ಕೆ ಪ್ರಕೃತಿಭಾವವೆಂದು ಶಾಲೆಯಲ್ಲೇ ಕಲಿತಿದ್ದೇವೆ.

ಬಾಯಿಯ ಬದಲು ಕೀಲೇ ಸದ್ದು ಮಾಡಿದರೆ ಅದು ಲಟಿಕೆ. ಲಟಿಕೆ ತೆಗೆದರೆ ಕೀಲು ಸವೆಯುತ್ತದೆಂಬುದು ಅಜ್ಜಿಯರ ಮತ. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯರು ತಾಯಿ ಗದರಿಸಿದ್ದನ್ನು ಪರೀಕ್ಷಿಸಲೆಂದು ಸುಮಾರು 60 ವರ್ಷ ಎಡಗೈಯ ಬೆರಳುಗಳ ಲಟಿಕೆಯನ್ನಷ್ಟೇ ತೆಗೆದು, ಬಲಗೈಯನ್ನು ಹಾಗೇ ಬಿಟ್ಟರು. ಎರಡು ಕೈಯಲ್ಲೂ ಸಂಧಿವಾತ ಬರಲಿಲ್ಲ. 2009ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು. ಒಬ್ಬರ ಎರಡು ಕೈಗಳಿಂದ ಸಿದ್ಧಾಂತವಾಗದು, ನಿಜ; ಆದರೆ ತಾಯಿಯ ಮಾತಿಗೆ ಇಷ್ಟು ದೀರ್ಘವಾಗಿ ಎದುರಾಡಿದವರು ಇನ್ನೊಬ್ಬರಿಲ್ಲ.

ಸೂತ್ರ 2: ಲೋಪಾಗಮಾದೇಶಂಗಳ್ ಮಂಡಿಗಂ ಸಲ್ವುವು.

ವೃತ್ತಿ: ‘ಊರು’ ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಉಕಾರ ಹೋಯಿತು. ತೊಡೆಯೆಲುಬೂ ಮಂಡಿಯ ಕೆಳಗಿನ ಕಾಲೆಲುಬೂ ಸೇರುವಲ್ಲಿ ನಡುವಿನ ಮೃದ್ವಸ್ಥಿ ಹೋದರೆ ಅದೇ ಲೋಪಸಂಧಿ. ‘ಚಿಪ್ಪು ಸವೆದಿದೆ’ ಎಂದು ಲೋಕ ಅನ್ನುವುದು ಇದನ್ನೇ. ‘ಮನೆಯಲ್ಲಿ’ ಎಂಬಲ್ಲಿ ಕರೆಯದೆ ಬಂದ ಯಕಾರದಂತೆ ಕೀಲಿನೊಳಗೆ ನೀರು ತುಂಬಿದರೆ, ಅಂಚಿನಲ್ಲಿ ಎಲುಬಿನ ಮೊಳಕೆ ಎದ್ದರೆ ಆಗಮಸಂಧಿ. ಹಳೆಯದನ್ನು ತೆಗೆದು ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಕೂರಿಸಿದರೆ ಆದೇಶಸಂಧಿ. ಇದರ ಖರ್ಚು ನೋಡಿ ವಿಮೆಯವರು ಪ್ಲುತ ಉಚ್ಚರಿಸುತ್ತಾರೆ. ಎಕ್ಸ್‌ರೇಯಲ್ಲಿ ಏನೂ ಬದಲಾಗಿಲ್ಲ, ನೋವು ಮಾತ್ರ ಇದೆ ಎಂದರೆ ಪ್ರಕೃತಿಭಾವ. ಚಿತ್ರದಲ್ಲಿ ಚಿಪ್ಪು ಪೂರಾ ಸವೆದಿದ್ದರೂ ನೋವೇ ಇಲ್ಲದವರೂ ಉಂಟು. ಚಿತ್ರಕ್ಕೂ ನೋವಿಗೂ ತಾಳೆ ಕಡಿಮೆಯೆಂದು ಮೂಳೆವೈದ್ಯರೇ ಒಪ್ಪುತ್ತಾರೆ.

ಆದೇಶಸಂಧಿಗೆ ಶಾಲೆಯಲ್ಲಿ ಕೊಡುವ ಉದಾಹರಣೆ ‘ಮಳೆಗಾಲ’. ಮೋಡ ಕಟ್ಟುವ ಮೊದಲೇ ಮಂಡಿಗೆ ತಿಳಿಯುತ್ತದೆಂಬ ಲೋಕಾನುಭವಕ್ಕೆ ಇದು ಪುಷ್ಟಿಯೆಂದು ಗ್ರಂಥಕರ್ತರು ಹಿಗ್ಗಿದ್ದರು. ಆದರೆ ಅಮೆರಿಕದ ಹಿರಿಯ ನಾಗರಿಕರು ವೈದ್ಯರ ಬಳಿ ಹೋದ ಒಂದು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಭೇಟಿಗಳನ್ನು ಮಳೆಯ ಲೆಕ್ಕದ ಪಕ್ಕ ಇಟ್ಟು ನೋಡಿದ 2017ರ ಅಧ್ಯಯನಕ್ಕೆ ಮಳೆಗೂ ಕೀಲುನೋವಿನ ದೂರಿಗೂ ನಂಟು ಕಾಣಲಿಲ್ಲ. ಮಲೆನಾಡಿನವರು ಈ ಅಧ್ಯಯನವನ್ನು ಒಪ್ಪಿಲ್ಲ.

ಸೂತ್ರ 3: ಭೂತಕ್ರಿಯೆಗೆ ಭವಿಷ್ಯದ್ವೇದನೆ.

ವೃತ್ತಿ: ಸ್ನಾಯುನೋವಿಗೆ ಕಾಲದ ಜ್ಞಾನವಿಲ್ಲ. ಭಾನುವಾರ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಹತ್ತಿಳಿದವರು ಸೋಮವಾರ ಕಚೇರಿಯಲ್ಲಿ ಫೋಟೋ ತೋರಿಸುತ್ತಾರೆ, ಮಂಗಳವಾರ ರಜೆ ಹಾಕುತ್ತಾರೆ. ಒಗ್ಗದ ದುಡಿಮೆಯ ನೋವು 24ರಿಂದ 72 ಗಂಟೆಗಳ ನಡುವೆ ತುದಿಗೇರುವುದೇ ಇದಕ್ಕೆ ಕಾರಣ. ಲ್ಯಾಕ್ಟಿಕ್ ಆಮ್ಲದ ಮೇಲೆ ಹೊರಿಸುವ ಆರೋಪ ಸುಳ್ಳು. ಅದು ಸ್ನಾಯು ಬಿಟ್ಟು ಹೋಗಲು ಹೆಚ್ಚು ಹೊತ್ತು ಬೇಡ. ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾದಾಗ ಅದರ ಎಳೆಗಳಲ್ಲಿ ಸಣ್ಣ ಸಣ್ಣ ಗಾಸಿಗಳಾಗುತ್ತವೆ, ಇಳಿಯುವಾಗ ತೊಡೆಗೆ ಆಗುವುದು ಇದೇ. ಆದ್ದರಿಂದ ಬೆಟ್ಟ ಹತ್ತಿದ ಪುಣ್ಯಕ್ಕಿಂತ ಇಳಿದ ಪಾಪವೇ ಜಾಸ್ತಿ. ಕೆಲವು ದಿನಗಳಲ್ಲಿ ಅದು ತಾನಾಗಿ ತೀರುತ್ತದೆ. ಆಗ ಯಾವ ಎಣ್ಣೆ ಹಚ್ಚಿದ್ದರೋ ಅದಕ್ಕೆ ಕೀರ್ತಿ.

ಸೂತ್ರ 4: ತಿಕ್ಕೆ ಬಾಗಿಲ್ ಮುಚ್ಚುಗುಂ.

ವೃತ್ತಿ: 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬಿಬ್ಬರು ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ, ಸ್ಪರ್ಶದ ಸುದ್ದಿ ಮೊದಲು ನುಗ್ಗಿದರೆ ನೋವಿನ ಸುದ್ದಿಗೆ ಅದು ಮುಚ್ಚಿಕೊಳ್ಳುತ್ತದೆ ಎಂದು ಪ್ರತಿಪಾದಿಸಿದರು. ಬಿದ್ದ ಮಗುವಿನ ಮಂಡಿಯನ್ನು ಉಜ್ಜಿ ‘ಏನಾಗಿಲ್ಲ ಪುಟ್ಟ’ ಎನ್ನುವ ತಾಯಂದಿರಿಗೆ ಇದಕ್ಕಾಗಿ ಯಾರೂ ಡಾಕ್ಟರೇಟ್ ಕೊಟ್ಟಿಲ್ಲ. ಮುಲಾಮಿನ ಮೆಂಥಾಲು ಚರ್ಮದ ಚಳಿಯ ಗ್ರಾಹಿಯನ್ನೂ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿಯ ಗ್ರಾಹಿಯನ್ನೂ ಮೋಸಗೊಳಿಸುತ್ತವೆ. ಆ ಮೋಸದ ಬೆನ್ನುಹತ್ತಿದ ಡೇವಿಡ್ ಜೂಲಿಯಸ್‌ರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಕಾಶೀನಾಥುನಿ ನಾಗೇಶ್ವರರಾಯರು 1893ರಲ್ಲೇ ಮುಂಬಯಿಯಲ್ಲಿ ಅಮೃತಾಂಜನ ಶುರುಮಾಡಿ ಇದೇ ಮೋಸವನ್ನು ಪುಟ್ಟ ಸೀಸೆಯಲ್ಲಿ ಮನೆಮನೆಗೆ ಮುಟ್ಟಿಸಿದ್ದರು.

ಸೂತ್ರ 5: ಕಡಲಂ ದಾಂಟಿ ಬಂದುದರ್ಕೆ ಬೆಲೆ ದೀರ್ಘಂ.

ವೃತ್ತಿ: ಆಯುರ್ವೇದದ ವಿಜಯಾ, ಹೋಳಿಯ ಭಂಗಿ, ಪೊಲೀಸರ ಗಾಂಜಾ ಮೂರೂ ಒಂದೇ ಗಿಡದ ಬೇರೆಬೇರೆ ವಿಭಕ್ತಿಗಳು. ಅದರಿಂದ ಅಮೆರಿಕದ ರೋಜರ್ ಆಡಮ್ಸ್ 1940ರಲ್ಲಿ ಬೇರ್ಪಡಿಸಿದ, ಇಸ್ರೇಲಿನ ರಾಫೆಲ್ ಮೆಶೂಲಮ್ 1963ರಲ್ಲಿ ರಚನೆ ಬಿಡಿಸಿದ ವಸ್ತು ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ. ಅಮಲೇರಿಸುವುದು ಅದರ ದಾಯಾದಿ ಟಿಎಚ್‌ಸಿ. ಟಿಎಚ್‌ಸಿ 0.3 ಶೇಕಡಾ ಮೀರದ ಗಿಡವನ್ನು ಬೆಳೆಯಬಹುದೆಂದು ಅಮೆರಿಕ 2018ರಲ್ಲಿ ಕಾಯ್ದೆ ಮಾಡಿದ್ದೇ ತಡ, ಸಿಬಿಡಿ ಎಣ್ಣೆಯಾಗಿ, ಮುಲಾಮಾಗಿ, ಚಾಕೊಲೇಟಾಗಿ, ನಾಯಿಬಿಸ್ಕತ್ತಾಗಿ ಅವತರಿಸಿತು.

ಪ್ರಯೋಗ: ಡಲ್ಲಾಸಿನ ಮಗ, ಜಯನಗರದ ತಾಯಿ, ನಡುವೆ ವಿಡಿಯೊ ಕಾಲ್.
“ಇಲ್ಲಿ ಎಲ್ರೂ ಮಂಡಿಗೆ ಇದನ್ನೇ ಹಚ್ಚೋದು ಕಣಮ್ಮಾ. ಸಿಬಿಡಿ ಅಂತ.”
“ಗಾಂಜಾ ಎಣ್ಣೆ ಏನೋ ಅದು?”
“ಅಲ್ಲಮ್ಮ, ಅಮಲು ಬರಲ್ಲ.”
“ಅಮಲೂ ಬರದೇ ಇದ್ರೆ ನೋವು ಹೆಂಗೋ ಮರೆಯತ್ತೆ?”

ಈ ಪೂರ್ವಪಕ್ಷಕ್ಕೆ ಸರಿಯಾದ ಉತ್ತರ ಇನ್ನೂ ಬಂದಿಲ್ಲ. ಡೆನ್ಮಾರ್ಕಿನಲ್ಲಿ ಕೈಬೆರಳ ಕೀಲುಸವೆತ ಮತ್ತು ಸೋರಿಯಾಟಿಕ್ ಸಂಧಿವಾತದ 136 ರೋಗಿಗಳಲ್ಲಿ ಕೆಲವರಿಗೆ ಸಿಬಿಡಿ, ಕೆಲವರಿಗೆ ಹುಸಿಮಾತ್ರೆ ಎಂದು 12 ವಾರ ಕೊಟ್ಟು ನೋಡಿದರು. ಎರಡೂ ಗುಂಪಿನ ನೋವು ಹೆಚ್ಚುಕಡಿಮೆ ಸಮನಾಗಿ ಇಳಿಯಿತು. ಹುಸಿಯ ಪರವಾಗಿ ಹೇಳಬಹುದಾದದ್ದು, ಅದು ಅಗ್ಗ. ಅಮೆರಿಕದ ಔಷಧ ಇಲಾಖೆ 2018ರಲ್ಲಿ ಸಿಬಿಡಿಗೆ ಔಷಧದ ಪಟ್ಟ ಕಟ್ಟಿದ್ದು ಅಪರೂಪದ ಮೂರ್ಛೆರೋಗಗಳಿಗೆ. ಆ ಪಟ್ಟಿಯಲ್ಲಿ ಮಂಡಿಯ ಹೆಸರಿಲ್ಲ. 2022ರಲ್ಲಿ ಪ್ರಮಾಣ ನಮೂದಿಸಿದ್ದ 89 ಸಿಬಿಡಿ ಲೇಪಗಳನ್ನು ಅಳೆದಾಗ ಚೀಟಿಗೂ ಸೀಸೆಗೂ ತಾಳೆಯಾದವು 21 ಮಾತ್ರ. ಉಳಿದವುಗಳಲ್ಲಿ ಶಬ್ದಕ್ಕೂ ಅರ್ಥಕ್ಕೂ ಸಂಬಂಧ ಸಡಿಲ.

ಇನ್ನು ನಮ್ಮ 1985ರ ಮಾದಕವಸ್ತು ಕಾಯ್ದೆಯ ವ್ಯಾಕರಣ: ಹೂಗೊಂಚಲು ಗಾಂಜಾ, ಅಂಟು ಚರಸ್, ಎರಡೂ ಅಪರಾಧ; ಬರೀ ಎಲೆಯೂ ಬೀಜವೂ ಆ ವ್ಯಾಖ್ಯೆಯ ಹೊರಗೆ. ಹೀಗಾಗಿ ಎಲೆಯ ಸಾರದ ಎಣ್ಣೆ ಆಯುಷ್ ಪರವಾನಗಿಯಲ್ಲಿ, ವೈದ್ಯರ ಚೀಟಿಯ ಮೇಲೆ ಸಿಗುತ್ತದೆ. ಡಲ್ಲಾಸಿನ ಹೂವಿನ ಸಾರ ಸೂಟ್‌ಕೇಸಿನಲ್ಲಿ ಬಂದರೆ ಮಗನಿಗೆ ಹೊಸ ನೋವು. ಬೀಜದೆಣ್ಣೆ ಅಡುಗೆಯದು, ಅದರಲ್ಲಿ ಸಿಬಿಡಿ ಹುಡುಕಿದರೂ ಸಿಗದು. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವ ಹಿರಿಯರು ಸಿಬಿಡಿ ಸೇವಿಸಿದರೆ ಆ ಮಾತ್ರೆಯ ಪ್ರಭಾವ ಏರಿ ರಕ್ತಸ್ರಾವದ ಅಪಾಯವಿದೆ. ಡಾಕ್ಟರನ್ನು ಕೇಳದೆ ಒಂದು ಹನಿಯೂ ಬೇಡ.

ಸೂತ್ರ 6: ಕ್ರಿಯಾಪದಮಿಲ್ಲದೆ ವಾಕ್ಯಂ ಪೂರ್ಣಮಲ್ತು.

ವೃತ್ತಿ: ಇದೇ ಸಿದ್ಧಾಂತ. ಹರಳೆಣ್ಣೆ, ಲಕ್ಕಿಸೊಪ್ಪು, ಉಪ್ಪಿನ ಶಾಖ, ನೀ ಕ್ಯಾಪ್, ಬೆಲ್ಟು, ಮುಲಾಮು, ಸಿಬಿಡಿ ಸೀಸೆ ಎಲ್ಲವೂ ನಾಮಪದಗಳು. ನಾಮಪದಗಳನ್ನು ಎಷ್ಟು ಪೇರಿಸಿದರೂ ವಾಕ್ಯವಾಗದು. ಮಂಡಿಗೆ ಬೇಕಾದವು ನಡೆ, ಬಗ್ಗು, ಏಳು, ಕೂರು ಎಂಬ ಧಾತುಗಳು. ಮೃದ್ವಸ್ಥಿಗೆ ರಕ್ತನಾಳವಿಲ್ಲ, ಕೀಲು ಆಡಿದಾಗ ಸುತ್ತಲಿನ ದ್ರವದಿಂದಲೇ ಅದಕ್ಕೆ ಊಟ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆಂದು 2005ರಲ್ಲಿ ಅಳೆದು ತೋರಿಸಿದ್ದಾರೆ. ಇಷ್ಟು ಬಡ್ಡಿ ಕೊಡುವ ಬ್ಯಾಂಕು ಯಾವುದೂ ಇಲ್ಲ, ಆದರೂ ಠೇವಣಿದಾರರು ವಿರಳ. ಮೆಡಿಕಲ್ ಸ್ಟೋರಿನ ಡೈಕ್ಲೊಫೆನಾಕ್ ಜೆಲ್‌ಗೆ ಮಂಡಿಯ ವಿಷಯದಲ್ಲಿ ಗಟ್ಟಿ ಪುರಾವೆಯಿದೆ. ಅದನ್ನು ಕ್ರಿಯಾವಿಶೇಷಣವೆಂದು ತಿಳಿಯುವುದು. ಕ್ರಿಯೆಯ ಪಕ್ಕದಲ್ಲಿದ್ದರೆ ಶೋಭೆ.

ಅಪವಾದಗಳು: ಕೀಲು ಕೆಂಪಗೆ ಊದಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಸೊಂಟನೋವಿನೊಡನೆ ಕಾಲು ಶಕ್ತಿಗುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ವ್ಯಾಕರಣ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಫಲಶ್ರುತಿ

ಈ ಪ್ರಕರಣ ಓದಿದವರು ಬಂಧುಗಳ ಮಂಡಿಗೆ ಸಲಹೆ ಕೊಡುವ ಅಧಿಕಾರ ಪಡೆಯುತ್ತಾರೆ. ‘ನಡೆ’ ಧಾತು ಮಧ್ಯಮಪುರುಷದಲ್ಲಿ ಯಾವಾಗಲೂ ವಿಧ್ಯರ್ಥ: ‘ನೀವು ದಿನಾ ನಡೆಯಿರಿ.’ ಉತ್ತಮಪುರುಷದಲ್ಲಿ ಯಾವಾಗಲೂ ಭವಿಷ್ಯತ್ಕಾಲ: ‘ನಾನು ಸೋಮವಾರದಿಂದ ನಡೆಯುವೆನು.’ ಲಾಲ್‌ಬಾಗಿನಲ್ಲಿ ಬೆಳಗಿನ ಹೊತ್ತು ವರ್ತಮಾನಕಾಲದ ಕೆಲವು ಪ್ರಯೋಗಗಳು ಕಂಡಿದ್ದೇನೋ ಹೌದು, ಆದರೆ ಅವು ಗೇಟಿನಾಚೆ ಬೆಣ್ಣೆದೋಸೆಯಲ್ಲಿ ಮುಗಿಯುತ್ತಿದ್ದುದರಿಂದ ಉದಾಹರಣೆಗೆ ಸ್ವೀಕರಿಸಿಲ್ಲ. ಉತ್ತಮಪುರುಷ ಏಕವಚನದಲ್ಲಿ, ವರ್ತಮಾನದಲ್ಲಿ, ‘ನಡೆಯುತ್ತೇನೆ’ ಎಂದು ನಡೆಯುತ್ತಲೇ ಹೇಳಿದವರು ಯಾರಾದರೂ ಇದ್ದರೆ ಮುಂದಿನ ಮುದ್ರಣದಲ್ಲಿ ಸೇರಿಸಲಾಗುವುದು. ಗ್ರಂಥಕರ್ತರನ್ನು ಈ ವಿಷಯದಲ್ಲಿ ಕೇಳಬಾರದು.